ಎರಡು ಬೇರು ಉಳಿದಿದ್ದರೆ ಕೀಳಬೇಡಿ: ಓವರ್‌ಡೆಂಚರ್ ಮತ್ತು ಲೋಹದ ಕೋಪಿಂಗ್

ದಂತವೈದ್ಯರು, ಅಂತಿಮ ವರ್ಷದ ವಿದ್ಯಾರ್ಥಿಗಳು ಮತ್ತು ಡೆಂಟಲ್ ಲ್ಯಾಬ್ ತಂತ್ರಜ್ಞರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.

ಕೆಳದವಡೆಯಲ್ಲಿ ಎರಡೇ ಕೋರೆಹಲ್ಲು ಉಳಿದಿವೆ. ಎರಡೂ ಕೊಂಚ ಅಲುಗುತ್ತವೆ. ಒಸಡು ಇಳಿದು ಬೇರು ಕಾಣುತ್ತಿದೆ. ಇಂಥ ಬಾಯಿಯನ್ನು ನೋಡದ ದಂತವೈದ್ಯರು ಈ ಸಭೆಯಲ್ಲಿ ಯಾರೂ ಇರಲಾರರು. ಬಂದವರಿಗೂ ಉತ್ತರ ಮೊದಲೇ ಗೊತ್ತಿರುತ್ತದೆ: “ಇವೆರಡನ್ನೂ ಕಿತ್ತುಬಿಡಿ ಡಾಕ್ಟ್ರೇ, ಫುಲ್ ಸೆಟ್ ಕೊಡಿ.” ನಾವೂ ಹೂಂ ಎಂದು ಇಕ್ಕಳ ಕೈಗೆತ್ತಿಕೊಳ್ಳುತ್ತೇವೆ. ಮೇಲಿನ ಸೆಟ್ ಹೇಗೋ ಅಂಗುಳಕ್ಕೆ ಅಂಟಿಕೊಂಡು ನಿಲ್ಲುತ್ತದೆ. ಕೆಳಗಿನದು ನಾಲಿಗೆ ಎದ್ದಾಗ ಏಳುತ್ತದೆ, ತುಟಿ ಚಲಿಸಿದಾಗ ಜಾರುತ್ತದೆ. ನಾಲ್ಕೈದು ವರ್ಷ ಕಳೆದ ಮೇಲೆ ಅದು ಕೂರಲು ದಿಬ್ಬವೇ ಇರುವುದಿಲ್ಲ.

ಆ ಎರಡು ಬೇರುಗಳನ್ನು ಉಳಿಸಿ, ತಲೆ ಕತ್ತರಿಸಿ, ಲೋಹದ ಕವಚ (ಕೋಪಿಂಗ್) ತೊಡಿಸಿ, ಅದರ ಮೇಲೆ ಸೆಟ್ (ಓವರ್‌ಡೆಂಚರ್) ಕೂರಿಸುವ ಕ್ರಮ ಇಂದಿನ ವಿಷಯ. ಇದು ಹೊಸ ಸಂಗತಿಯಲ್ಲ. ಬೇರಿನ ಮೇಲೆ ದಂತಪಂಕ್ತಿ ಕೂರಿಸುವ ಯೋಚನೆ 19ನೇ ಶತಮಾನದಲ್ಲೇ ಇತ್ತು. 1958ರಲ್ಲಿ ಮಿಲ್ಲರ್ ಬರೆದ ಲೇಖನದ ನಂತರ ಅದಕ್ಕೆ ಪಠ್ಯಪುಸ್ತಕದ ರೂಪ ಬಂತು. ಇಂಪ್ಲಾಂಟ್ (ದವಡೆಮೂಳೆಗೆ ಕೂರಿಸುವ ಕೃತಕ ಬೇರು) ಬಂದ ಮೇಲೆ ನಾವದನ್ನು ಬದಿಗಿಟ್ಟೆವು. ಹಾಗೆ ಬದಿಗಿಡುವುದಕ್ಕೆ ವೈಜ್ಞಾನಿಕ ಕಾರಣ ಕಡಿಮೆ, ಅಭ್ಯಾಸ ತಪ್ಪಿದ್ದೇ ಹೆಚ್ಚು.

ಮೊದಲು ಮೂಳೆಯ ಲೆಕ್ಕ. ಹಲ್ಲು ಕಿತ್ತ ಜಾಗದ ಮೂಳೆ ಸವೆಯುವುದು ನಿಲ್ಲುವುದಿಲ್ಲ. ಟಾಲ್‌ಗ್ರೆನ್ 25 ವರ್ಷಗಳ ದಾಖಲೆಗಳನ್ನು ಸೇರಿಸಿ 1972ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೆಳದವಡೆಯ ಮುಂಭಾಗ ಮೇಲ್ದವಡೆಗಿಂತ ಸುಮಾರು ನಾಲ್ಕು ಪಟ್ಟು ಸವೆಯುತ್ತದೆ. 1978ರಲ್ಲಿ ಕ್ರಮ್ ಮತ್ತು ರೂನಿ ಐದು ವರ್ಷಗಳ ಹೋಲಿಕೆಯನ್ನು ಮುಂದಿಟ್ಟರು. ಕೆಳಗಿನ ಎರಡು ಕೋರೆಹಲ್ಲಿನ ಬೇರು ಉಳಿಸಿ ಓವರ್‌ಡೆಂಚರ್ ಕೊಟ್ಟವರಲ್ಲಿ ಮುಂಭಾಗದ ಮೂಳೆ ಸರಾಸರಿ 0.6 ಮಿ.ಮೀ. ಇಳಿದಿತ್ತು. ಎಲ್ಲ ಹಲ್ಲು ಕಿತ್ತು ಮಾಮೂಲಿ ಸೆಟ್ ಕೊಟ್ಟವರಲ್ಲಿ 5.2 ಮಿ.ಮೀ. ಇಷ್ಟು ದೊಡ್ಡ ಅಂತರ ನಮ್ಮ ಶಾಸ್ತ್ರದಲ್ಲಿ ಅಪರೂಪ. ಬೇರನ್ನು ಸುತ್ತಲಿನ ಮೂಳೆಗೆ ಕಟ್ಟುವ ನಾರುಪದರ, ಅಂದರೆ ಪೆರಿಯೊಡಾಂಟಲ್ ಲಿಗಮೆಂಟ್, ಅಗಿತದ ಒತ್ತಡವನ್ನು ಮೂಳೆಗೆ ಎಳೆತವಾಗಿ ದಾಟಿಸುತ್ತದೆ, ಅದರಿಂದ ಮೂಳೆ ಉಳಿಯುತ್ತದೆ. ಬೇರು ಹೋದರೆ ಸೆಟ್ಟಿನ ಭಾರವೆಲ್ಲ ಒಸಡಿನ ಮೂಲಕ ಬರಿಯ ಒತ್ತಡವಾಗಿ ಬೀಳುತ್ತದೆ. ಒತ್ತಿದ ಕಡೆ ಮೂಳೆ ಕರಗುತ್ತದೆ.

ಎರಡನೆಯದು ಸ್ಪರ್ಶಜ್ಞಾನ. ಸಹಜ ಹಲ್ಲುಗಳ ನಡುವೆ ಸುಮಾರು 0.02 ಮಿ.ಮೀ. ದಪ್ಪದ ಕಣ ಸಿಕ್ಕರೂ ನಮಗೆ ತಿಳಿಯುತ್ತದೆ. ರೂಟ್ ಕೆನಾಲ್ ಮಾಡಿದ ಹಲ್ಲು “ಸತ್ತ ಹಲ್ಲು”, ಅದಕ್ಕೇನು ಗೊತ್ತಾಗುತ್ತದೆ ಎಂದು ವಿದ್ಯಾರ್ಥಿಗಳೂ ಕೇಳುವುದುಂಟು. ತೆಗೆದದ್ದು ಒಳಗಿನ ತಿರುಳನ್ನು ಮಾತ್ರ. ಕಚ್ಚಿದ ಬಲವನ್ನು ಅಳೆಯುವ ನರತುದಿಗಳು ಲಿಗಮೆಂಟ್‌ನಲ್ಲಿವೆ, ಅವು ಹಾಗೆಯೇ ಇರುತ್ತವೆ. ಅಗಿಯುವ ಸಾಮರ್ಥ್ಯದ ವಿಷಯದಲ್ಲಿ ರಿಸಿನ್ ಮತ್ತು ಸಂಗಡಿಗರು 1978ರಲ್ಲಿ ಕೊಟ್ಟ ಅಂಕಿಗಳು ಹೀಗಿವೆ: ಸಹಜ ಹಲ್ಲಿನವರಿಗೆ ಶೇ. 90, ಓವರ್‌ಡೆಂಚರ್‌ನವರಿಗೆ ಶೇ. 79, ಮಾಮೂಲಿ ಫುಲ್ ಸೆಟ್‌ನವರಿಗೆ ಶೇ. 59.

ಮೂರನೆಯದು ಸನ್ನೆಕೋಲಿನ ಲೆಕ್ಕ. ಕೋಪಿಂಗ್‌ನ ಗುಟ್ಟು ಇರುವುದು ಇದರಲ್ಲೇ. ಕೆಳಗಿನ ಕೋರೆಹಲ್ಲಿನ ಕಿರೀಟ (ಬೇರಿನ ಮೇಲಿನ ಭಾಗ) ಸುಮಾರು 11 ಮಿ.ಮೀ., ಬೇರು 16 ಮಿ.ಮೀ. ಒಸಡಿನ ರೋಗದಿಂದ 6 ಮಿ.ಮೀ. ಮೂಳೆ ಹೋಗಿದೆ ಎನ್ನಿ. ಈಗ ಮೂಳೆಯೊಳಗೆ 10 ಮಿ.ಮೀ., ಮೂಳೆಯ ಮೇಲೆ 17 ಮಿ.ಮೀ. ಇದೆ. ನೆಲದಲ್ಲಿ ಒಂದಡಿ ಹೂತು ಎರಡಡಿ ಹೊರಗೆ ಬಿಟ್ಟ ಗೂಟದ ಸ್ಥಿತಿ ಅದು. ತುದಿಗೆ ತಾಗಿದ ಸಣ್ಣ ಪೆಟ್ಟೂ ಬುಡವನ್ನು ಸಡಿಲಿಸುತ್ತದೆ. ಒಸಡಿನಿಂದ 2 ಮಿ.ಮೀ. ಬಿಟ್ಟು ಕತ್ತರಿಸಿದಿರಿ. ಒಸಡಿನ ದಪ್ಪ ಸೇರಿಸಿದರೂ ಮೂಳೆಯ ಮೇಲೆ ಉಳಿಯುವುದು 4–5 ಮಿ.ಮೀ. ಅದೇ ಬೇರು, ಅದೇ ಮೂಳೆ. ಸನ್ನೆಕೋಲಿನ ಉದ್ದ ಮಾತ್ರ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾಯಿತು. ಕತ್ತರಿಸಿ, ಒಸಡು ಶುಚಿ ಮಾಡಿದ ಕೆಲವು ವಾರಗಳಲ್ಲಿ ಅಲುಗುತ್ತಿದ್ದ ಬೇರು ಬಿಗಿಯಾಗುವುದು ಈ ಕಾರಣಕ್ಕೆ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಿಕೊಳ್ಳೋಣ. ನಯವಾದ ಗುಮ್ಮಟದಾಕಾರದ ಕೋಪಿಂಗ್ ಸೆಟ್ಟನ್ನು ಹಿಡಿದಿಡುವುದಿಲ್ಲ. ಅದು ಭಾರ ಹೊರುತ್ತದೆ, ಅಡ್ಡಕ್ಕೆ ಜಾರುವುದನ್ನು ತಡೆಯುತ್ತದೆ. ಮೇಲಕ್ಕೆ ಏಳದಂತೆ ಹಿಡಿಯುವ ಕೆಲಸ ಸೆಟ್ಟಿನ ಅಂಚು, ಎಂಜಲಿನ ಪದರ, ತುಟಿ ಕೆನ್ನೆ ನಾಲಿಗೆಗಳ ಸ್ನಾಯುಗಳದ್ದು. ಈ ವ್ಯತ್ಯಾಸವನ್ನು ರೋಗಿಗೆ ಮೊದಲ ದಿನವೇ ಹೇಳದಿದ್ದರೆ “ಹಲ್ಲು ಉಳಿಸಿದಿರಿ, ದುಡ್ಡೂ ತಗೊಂಡಿರಿ, ಸೆಟ್ ಟಕ್ ಅಂತ ಕೂರುವುದೇ ಇಲ್ಲವಲ್ಲ” ಎಂಬ ದೂರು ಖಂಡಿತ. ಟಕ್ ಎಂದು ಕೂರಬೇಕಾದರೆ ಕೋಪಿಂಗ್ ಮೇಲೆ ಬಾಲ್ ಅಥವಾ ಲೊಕೇಟರ್‌ನಂಥ ಅಟ್ಯಾಚ್‌ಮೆಂಟ್ (ಒತ್ತುಗುಂಡಿಯಂತೆ ಕಚ್ಚಿಕೊಳ್ಳುವ ಜೋಡಣೆ) ಬೇಕು. ಆಗ ಎಳೆತ ಬೇರಿನ ಮೇಲೂ ಬೀಳುತ್ತದೆ, ಎತ್ತರವೂ ಹೆಚ್ಚು ಬೇಕು. ಮೂಳೆ ಅರ್ಧ ಹೋಗಿರುವ ಬೇರಿಗೆ ಅಟ್ಯಾಚ್‌ಮೆಂಟ್ ಹಾಕಿ ದಿನಕ್ಕೆ ನಾಲ್ಕು ಬಾರಿ ಎಳೆಯುವುದು ಬುದ್ಧಿವಂತಿಕೆಯಲ್ಲ. ಅಂಥ ಬೇರಿಗೆ ಗಿಡ್ಡ ಗುಮ್ಮಟವೇ ಸರಿ.

ಯಾವ ಹಲ್ಲನ್ನು ಉಳಿಸಬೇಕು? ಕೋರೆಹಲ್ಲಿಗೆ ಮೊದಲ ಮಣೆ: ಬೇರು ಉದ್ದ, ಒಳಗೆ ತಿರುಳಿನ ಕಾಲುವೆ ಒಂದೇ ಇರುವುದೇ ಹೆಚ್ಚು, ದವಡೆಯ ತಿರುವಿನಲ್ಲಿ ನಿಂತಿರುತ್ತದೆ. ಆಮೇಲೆ ಪ್ರೀಮೋಲಾರ್, ಅಂದರೆ ಕೋರೆಯ ಹಿಂದಿನ ಎರಡು ಹಲ್ಲು. ಕೆಳಗಿನ ಬಾಚಿಹಲ್ಲುಗಳ ಬೇರು ಚಪ್ಪಟೆ, ತೆಳು. ಪೋಸ್ಟ್ (ಕೋಪಿಂಗ್‌ನಿಂದ ಕಾಲುವೆಯೊಳಗೆ ಇಳಿಯುವ ಲೋಹದ ಕಡ್ಡಿ) ಕೂರಿಸಲು ಹೋದರೆ ಸೀಳುತ್ತದೆ. ದವಡೆಹಲ್ಲಿನಲ್ಲಿ ಬೇರುಗಳು ಕವಲೊಡೆಯುವ ಜಾಗ ತೆರೆದಿದ್ದರೆ ಶುಚಿ ಮಾಡುವುದು ಕಷ್ಟ. ಬೇರಿನ ಅರ್ಧದಷ್ಟಾದರೂ ಮೂಳೆಯಲ್ಲಿರಬೇಕು, ಸುತ್ತ ಸುಮಾರು 2 ಮಿ.ಮೀ. ಗಟ್ಟಿ ಒಸಡು ಇರಬೇಕು. ಒತ್ತಿದಾಗ ಮೇಲೆ ಕೆಳಗೆ ಇಳಿಯುವ ಹಲ್ಲು ಬೇಡವೇ ಬೇಡ. ಅಕ್ಕಪಕ್ಕದ ಎರಡು ಬೇರು ಉಳಿಸುವ ಆಸೆಯೂ ಬೇಡ. ನಡುವಿನ ಕಿರಿದಾದ ಒಸಡು ಸೆಟ್ಟಿನಡಿ ನಜ್ಜುಗುಜ್ಜಾಗುತ್ತದೆ, ಬ್ರಷ್ ಹೋಗುವುದಿಲ್ಲ. ಎರಡರ ನಡುವೆ ಒಂದು ಹಲ್ಲಿನಷ್ಟಾದರೂ ಅಂತರವಿರಲಿ.

ನಾಲ್ಕು ಮೂಲೆಗೆ ನಾಲ್ಕು ಬೇರು ಸಿಕ್ಕರೆ, ಎರಡು ಕೋರೆ, ಎರಡು ಎರಡನೇ ಪ್ರೀಮೋಲಾರ್, ಅದಕ್ಕಿಂತ ಒಳ್ಳೆಯ ಅಡಿಪಾಯ ಇಲ್ಲ. ಸಾಮಾನ್ಯವಾಗಿ ಸಿಗುವುದು ಎರಡು ಕೋರೆ. ಆಗ ಸೆಟ್ ಆ ಎರಡನ್ನು ಸೇರಿಸುವ ಗೆರೆಯ ಮೇಲೆ ತಿರುಗಲು ನೋಡುತ್ತದೆ. ಗೆರೆಯಿಂದ ತೀರಾ ಮುಂದೆ ಬಾಚಿಹಲ್ಲು ಜೋಡಿಸಿದರೆ ಕಚ್ಚಿದಾಗ ಹಿಂಭಾಗ ಏಳುತ್ತದೆ. ಒಂದೇ ಬೇರು ಉಳಿದಿದ್ದರೆ? ಕೆಳದವಡೆಯಾದರೆ ಉಳಿಸಿ. ಮೇಲ್ದವಡೆಯಲ್ಲಿ ಯೋಚಿಸಬೇಕು, ಅಲ್ಲಿ ಗಾಳಿ ಹೋಗದ ಅಂಚೇ ಸೆಟ್ಟಿನ ಬಲ, ಕೋರೆಬೇರಿನ ಉಬ್ಬು ಅದನ್ನು ಕೆಡಿಸಬಹುದು. ಆದರೆ ಕೆಳಗೆ ಆರು ಮುಂಭಾಗದ ಸಹಜ ಹಲ್ಲುಗಳಿದ್ದು ಮೇಲೆ ಸೆಟ್ ಕೊಡಬೇಕಾದಾಗ ಮೇಲಿನ ಕೋರೆಬೇರುಗಳಿಗೆ ಬೆಲೆ ಕಟ್ಟಲಾಗದು. ಕೆಳಹಲ್ಲುಗಳ ಹೊಡೆತಕ್ಕೆ ಮೇಲ್ದವಡೆಯ ಮುಂಭಾಗ ಕರಗಿ ಮೆತ್ತಗಾಗುವುದನ್ನು ಕೆಲ್ಲಿ 1972ರಲ್ಲೇ ವಿವರಿಸಿದ್ದಾರೆ.

ಇನ್ನು ಎತ್ತರ. ದವಡೆಗಳ ಮಾಡೆಲ್‌ಗಳನ್ನು ಆರ್ಟಿಕ್ಯುಲೇಟರ್‌ನಲ್ಲಿ (ದವಡೆಯ ಚಲನೆ ತೋರುವ ಸಾಧನ) ಕೂರಿಸದೆ ಹಲ್ಲು ಕತ್ತರಿಸಬೇಡಿ. ಕೋಪಿಂಗ್‌ಗೆ 2 ಮಿ.ಮೀ., ಅದರ ಮೇಲೆ ಅಕ್ರಿಲಿಕ್‌ಗೆ ಕನಿಷ್ಠ 2 ಮಿ.ಮೀ., ಕೃತಕ ಹಲ್ಲಿಗೆ 5 ಮಿ.ಮೀ. ಹೀಗೆ ಒಸಡಿನಿಂದ ಎದುರು ಹಲ್ಲಿನವರೆಗೆ 9 ಮಿ.ಮೀ. ಬೇಕೇ ಬೇಕು. ಅಟ್ಯಾಚ್‌ಮೆಂಟ್ ಇದ್ದರೆ ಇನ್ನಷ್ಟು. ಇಷ್ಟಿಲ್ಲದ ಕಡೆ ಹಟ ಮಾಡಿದರೆ ಸೆಟ್ ಸರಿಯಾಗಿ ಕೋಪಿಂಗ್‌ನ ಮೇಲೆಯೇ ಬಿರುಕು ಬಿಡುತ್ತದೆ.

ಎಲ್ಲ ಬೇರಿಗೂ ಲೋಹ ಬೇಕೆಂದಿಲ್ಲ, ಇದನ್ನು ಒತ್ತಿ ಹೇಳಬೇಕು. ಬೇರು ಗಟ್ಟಿಯಾಗಿದ್ದು, ಹುಳುಕಿಲ್ಲದೆ, ಬಾಯಿ ಶುಚಿಯಾಗಿದ್ದರೆ ಕಾಲುವೆಯ ಬಾಯಿಗೆ ಅಮಾಲ್ಗಂ ಅಥವಾ ಕಾಂಪೋಸಿಟ್ ತುಂಬಿ, ಬೇರನ್ನು ಗುಮ್ಮಟವಾಗಿ ನುಣುಪು ಮಾಡಿ ಬಿಟ್ಟರೆ ಸಾಕು. ಖರ್ಚು ಬಹಳ ಕಡಿಮೆ. ಬೇರಿನ ಮೇಲ್ಮೈ ಸವೆದಿದ್ದರೆ, ಹುಳುಕು ತೆಗೆದ ಮೇಲೆ ಗೋಡೆ ತೆಳುವಾಗಿದ್ದರೆ, ಎದುರಿಗೆ ಸಹಜ ಹಲ್ಲಿದ್ದು ಹಲ್ಲು ಕಡಿಯುವ ಅಭ್ಯಾಸವಿದ್ದರೆ, ಬಾಯಿ ಒಣಗುತ್ತಿದ್ದರೆ ಲೋಹ ಹಾಕಿ. ಆದರೂ ನೆನಪಿಡಿ, ಕೋಪಿಂಗ್ ತಾನು ಮುಚ್ಚಿದ ಜಾಗವನ್ನಷ್ಟೇ ಕಾಯುತ್ತದೆ. ಅಂಚಿನಲ್ಲಿ ಹುಳುಕು ಹಿಡಿಯುವುದನ್ನು ತಡೆಯದು.

ಕೆಲಸದ ಅನುಕ್ರಮದಲ್ಲಿ ಬಹುತೇಕರು ಎಡವುವುದು ಅವಸರದಿಂದ. ಉಳಿಸದ ಹಲ್ಲುಗಳನ್ನು ಕಿತ್ತ ದಿನವೇ ಕೋಪಿಂಗ್ ಅಚ್ಚು ತೆಗೆದರೆ ಒಸಡು ಮಾಗಿ ಇಳಿದಾಗ ಲೋಹದ ಅಂಚು ಬಯಲಾಗುತ್ತದೆ. ಸರಿಯಾದ ದಾರಿ ಇದು. ಮೊದಲು ಹಲ್ಲಿಗೆ ಕಟ್ಟಿದ ಕಲ್ಲು ತೆಗೆದು ಒಸಡಿನ ಚಿಕಿತ್ಸೆ. ಉಳಿಸುವ ಹಲ್ಲುಗಳಿಗೆ ರೂಟ್ ಕೆನಾಲ್. ಹಲ್ಲುಗಳು ನಿಂತಿರುವಾಗಲೇ ಅಚ್ಚು ತೆಗೆದು ತಾತ್ಕಾಲಿಕ ಸೆಟ್ ಸಿದ್ಧಮಾಡಿಟ್ಟುಕೊಳ್ಳಿ. ಒಂದೇ ದಿನ ಬೇಡದ್ದನ್ನು ಕಿತ್ತು, ಬೇಕಾದ್ದರ ತಲೆ ಕತ್ತರಿಸಿ, ಕಾಲುವೆಯ ಬಾಯಿಗೆ ಗ್ಲಾಸ್ ಅಯಾನೊಮರ್ ತುಂಬಿ, ಸೆಟ್ ಕೊಟ್ಟು ಕಳಿಸಿ. ರೋಗಿ ಒಂದು ದಿನವೂ ಬೋಳುಬಾಯಿಯಲ್ಲಿರುವುದಿಲ್ಲ. ಮೂರರಿಂದ ಆರು ತಿಂಗಳು ಕಳೆದು ಒಸಡು ನೆಲೆಗೊಂಡ ಮೇಲೆ ಕೋಪಿಂಗ್ ಮತ್ತು ಕಾಯಂ ಸೆಟ್. ಈ ತಿಂಗಳುಗಳಲ್ಲಿ ರೋಗಿ ಬೇರು ತೊಳೆದುಕೊಳ್ಳುತ್ತಾರೋ ಇಲ್ಲವೋ ಎಂಬುದೂ ಗೊತ್ತಾಗಿಬಿಡುತ್ತದೆ. ತೊಳೆಯದವರಿಗೆ ಲೋಹದ ಖರ್ಚು ಮಾಡಿಸುವ ಮೊದಲು ಎರಡು ಬಾರಿ ಯೋಚಿಸಿ.

ಈಗ ಗಿಡ್ಡ ಕೋಪಿಂಗ್ ತಯಾರಿ. ಡೈಮಂಡ್ ಬರ್‌ನಿಂದ ನೀರು ಹಾಯಿಸುತ್ತ ಒಸಡಿನಿಂದ 2–3 ಮಿ.ಮೀ. ಎತ್ತರಕ್ಕೆ ಕತ್ತರಿಸಿ ಗುಮ್ಮಟದ ಆಕಾರ ಕೊಡಿ. ಕೆನ್ನೆಯ ಕಡೆ ಇನ್ನೂ ಸ್ವಲ್ಪ ತಗ್ಗಿಸಿದರೆ ಕೃತಕ ಹಲ್ಲು ಜೋಡಿಸಲು ಜಾಗ ಸಿಗುತ್ತದೆ. ಅಂಚಿಗೆ ಸುತ್ತಲೂ ಸುಮಾರು 0.5 ಮಿ.ಮೀ. ಚ್ಯಾಂಫರ್, ಅಂದರೆ ಬಾಗಿದ ಮೆಟ್ಟಿಲು. ಗುಮ್ಮಟದ ಕೆಳಗೆ 1–1.5 ಮಿ.ಮೀ. ನೇರ ಗೋಡೆ ಉಳಿಸಿ. ಕೋಪಿಂಗ್ ಆ ಗೋಡೆಯನ್ನು ಉಂಗುರದಂತೆ ಅಪ್ಪಿದರೆ ಬೇರು ಸೀಳುವ ಭಯ ಕಡಿಮೆ. ಅಂಚು ಒಸಡಿಗೆ ಸಮವಾಗಿ ಅಥವಾ ತುಸು ಮೇಲೆ ಇರಲಿ. ಇದನ್ನು ಸೆಟ್ ಹೇಗೂ ಮುಚ್ಚುತ್ತದೆ, ಚೆಂದಕ್ಕಾಗಿ ಒಸಡಿನೊಳಗೆ ಇಳಿಸುವ ಅಗತ್ಯವಿಲ್ಲ. ಹಳೆಯ ಹುಳುಕು ಅಥವಾ ಫಿಲ್ಲಿಂಗ್ ಒಸಡಿನ ಕೆಳಗಿದ್ದರೆ ಮಾತ್ರ ಇಳಿಸಿ.

ಪೋಸ್ಟ್‌ಗೆ ಕಾಲುವೆಯಲ್ಲಿ ತುಂಬಿದ ಗಟಾಪರ್ಚವನ್ನು (ರಬ್ಬರಿನಂಥ ವಸ್ತು) ಬಿಸಿ ಪ್ಲಗರ್‌ನಿಂದ ತೆಗೆದು, ಪೀಸೊ ರೀಮರ್ ಎಂಬ ಕೊರೆಯುವ ಉಪಕರಣದಿಂದ ನಿಧಾನವಾಗಿ ಆಕಾರ ಕೊಡಿ. ಬೇರಿನ ತುದಿಯಲ್ಲಿ 4–5 ಮಿ.ಮೀ. ಗಟಾಪರ್ಚ ಉಳಿಯಲೇಬೇಕು. ಗಿಡ್ಡ ಗುಮ್ಮಟಕ್ಕೆ ಅಡ್ಡಬಲ ಕಡಿಮೆ, ಹಾಗಾಗಿ 6–8 ಮಿ.ಮೀ. ಪೋಸ್ಟ್ ಸಾಕು, ಕ್ರೌನ್‌ಗೆ ಬೇಕಾದಷ್ಟು ಆಳಕ್ಕೆ ಹೋಗಿ ಬೇರನ್ನು ಬಡವಾಗಿಸಬೇಡಿ. ಸುತ್ತ 1 ಮಿ.ಮೀ.ಗಿಂತ ಕಡಿಮೆ ಡೆಂಟಿನ್ ಎಲ್ಲೂ ಇರಬಾರದು. ಕಾಲುವೆಯ ಬಾಯಲ್ಲಿ ಒಂದು ಕಡೆ ಸುಮಾರು 1 ಮಿ.ಮೀ. ಕಚ್ಚು ಹೊಡೆದರೆ ಕೋಪಿಂಗ್ ತಿರುಗುವುದಿಲ್ಲ. ದುಂಡನೆಯ ಕಾಲುವೆಯಲ್ಲಿ ಈ ಕಚ್ಚು ಮರೆತರೆ ಸಿಮೆಂಟ್ ಮೆಲ್ಲಗೆ ಒಡೆಯುತ್ತದೆ, ಒಂದು ದಿನ ಕೋಪಿಂಗ್ ಸೆಟ್ಟಿನೊಳಗೆ ಅಂಟಿಕೊಂಡು ಬರುತ್ತದೆ.

ಅಚ್ಚಿಗೆ ಎರಡು ದಾರಿ. ಬಾಯಲ್ಲೇ ಪ್ಯಾಟರ್ನ್ (ಎರಕದ ಮಾದರಿ) ಮಾಡುವುದು ನಮ್ಮ ಆಯ್ಕೆ. ಕಾಲುವೆಗೆ ತೆಳುವಾಗಿ ವ್ಯಾಸಲೀನ್ ಸವರಿ, ಪ್ಲಾಸ್ಟಿಕ್ ಪಿನ್ ಇಳಿಸಿ, ಪ್ಯಾಟರ್ನ್ ರೆಸಿನ್ ಅನ್ನು ಕುಂಚದಿಂದ ಹನಿಹನಿಯಾಗಿ ಸೇರಿಸಿ. ಗಟ್ಟಿಯಾಗುತ್ತಿರುವಾಗ ಎರಡು ಮೂರು ಬಾರಿ ತುಸು ಎತ್ತಿ ಇಳಿಸಿ, ಇಲ್ಲದಿದ್ದರೆ ಒಳಗೇ ಕಚ್ಚಿಕೊಳ್ಳುತ್ತದೆ. ಹಲವು ಬೇರುಗಳಿದ್ದರೆ ಅಡಿಷನ್ ಸಿಲಿಕೋನ್ ಅಚ್ಚು ಸುಲಭ: ಲೆಂಟುಲೋ ಎಂಬ ಸುರುಳಿ ತಂತಿಯಿಂದ ತೆಳು ಸಿಲಿಕೋನನ್ನು (ಲೈಟ್ ಬಾಡಿ) ಕಾಲುವೆಗೆ ತುಂಬಿ, ನಡುವೆ ಪ್ಲಾಸ್ಟಿಕ್ ಪಿನ್ ಇಡಿ, ಪಿನ್ ಇಲ್ಲದಿದ್ದರೆ ಪ್ಲಾಸ್ಟರ್ ಸುರಿಯುವಾಗ ಆ ಸಿಲಿಕೋನ್ ಬಾಲ ಬಾಗುತ್ತದೆ.

ಲ್ಯಾಬಿನವರಿಗೆ ಒಂದೆರಡು ಮಾತು. ಗುಮ್ಮಟದ ಮೇಲ್ಭಾಗ ಸುಮಾರು 1 ಮಿ.ಮೀ., ಅಂಚಿನ ಕಡೆ 0.3–0.5 ಮಿ.ಮೀ. ದಪ್ಪ ಇರಲಿ. ಗೋಡೆ ಉಬ್ಬಬಾರದು, ಬೇರು ಒಸಡಿನಿಂದ ಹೊರಬರುವ ಓರೆಯಲ್ಲೇ ಲೋಹವೂ ಮುಂದುವರಿಯಬೇಕು. ಉಬ್ಬಿದರೆ ಅದರಡಿ ಕೊಳೆ ನಿಲ್ಲುತ್ತದೆ, ಸೆಟ್ಟಿಗೆ ಅಂಡರ್‌ಕಟ್ (ಸಿಕ್ಕಿಕೊಳ್ಳುವ ಒಳತಗ್ಗು) ಆಗುತ್ತದೆ. ಒಳತಗ್ಗು ಗುರುತಿಸುವ ಸರ್ವೇಯರ್‌ನಲ್ಲಿಟ್ಟು ನೋಡದೆ ಎರಕಕ್ಕೆ ಕಳಿಸಬೇಡಿ. ಪೋಸ್ಟ್‌ನ ಉದ್ದಕ್ಕೂ ಒಂದು ಸಣ್ಣ ತೋಡು ಬಿಡಿ; ಸಿಮೆಂಟ್ ತಪ್ಪಿಸಿಕೊಳ್ಳಲು ದಾರಿ ಅದು. ದಾರಿಯಿಲ್ಲದಿದ್ದರೆ ಒಳಗೆ ಸಿಕ್ಕಿದ ಸಿಮೆಂಟ್ ಕೋಪಿಂಗನ್ನು ಎತ್ತಿ ನಿಲ್ಲಿಸುತ್ತದೆ, ಜೋರಾಗಿ ಒತ್ತಿದರೆ ಬೇರು ಸೀಳುತ್ತದೆ. ರೆಸಿನ್ ಪ್ಯಾಟರ್ನ್ ಇರುವ ಮೋಲ್ಡನ್ನು ನಿಧಾನವಾಗಿ ಕಾಯಿಸಿ, ರೆಸಿನ್ ಪೂರ್ತಿ ಉರಿದುಹೋಗಲು ಸಮಯ ಕೊಡಿ. ಲೋಹದ ವಿಷಯದಲ್ಲಿ ನಿಕಲ್-ಕ್ರೋಮಿಯಂ ಅಗ್ಗ, ಬಳಕೆ ಹೆಚ್ಚು. ಬೆಳ್ಳಿಬಣ್ಣದ ಓಲೆ, ಗಡಿಯಾರದ ಪಟ್ಟಿಯಿಂದ ತುರಿಕೆ ಬರುವ ರೋಗಿಗೆ ನಿಕಲ್ ಬೇಡ, ಕೋಬಾಲ್ಟ್-ಕ್ರೋಮಿಯಂ ಹಾಕಿ. ಈಗ ಲೇಸರ್ ಸಿಂಟರಿಂಗ್‌ನಲ್ಲೂ ಸಿಗುತ್ತದೆ. ಬೆರಿಲಿಯಂ ಸೇರಿದ ಮಿಶ್ರಲೋಹವನ್ನು ಕೊಳ್ಳಲೇಬೇಡಿ. ತಿಕ್ಕುವಾಗ ಏಳುವ ಧೂಳು ರೋಗಿಗಿಂತ ಮೊದಲು ನಿಮ್ಮ ಶ್ವಾಸಕೋಶವನ್ನು ಸೇರುತ್ತದೆ. ಚಿನ್ನದ ಮಿಶ್ರಲೋಹದ ಅಂಚನ್ನು ತೀಡಿ ಹೊಂದಿಸಬಹುದು, ಕೆಲಸ ಅತ್ಯುತ್ತಮ. ಇಂದಿನ ಬೆಲೆಯಲ್ಲಿ ಅದನ್ನು ಹೇಳಿ ಮುಗುಳ್ನಗಬಹುದು ಅಷ್ಟೆ.

ಬಾಯಲ್ಲಿ ಕೂರಿಸುವಾಗ ಒತ್ತಾಯ ಬೇಡ. ಫಿಟ್ ಚೆಕಿಂಗ್ ಸಿಲಿಕೋನ್ ಹಾಕಿ ನೋಡಿ, ಒಳಗೆ ಲೋಹದ ಗುಳ್ಳೆ ತಾಗುವ ಜಾಗವನ್ನು ಸಣ್ಣ ಬರ್‌ನಿಂದ ತೆಗೆಯಿರಿ. ಅಂಚಿನಲ್ಲಿ ಪ್ರೋಬ್ ಸಿಕ್ಕಿಹಾಕಿಕೊಂಡರೆ ಎರಕ ಮತ್ತೆ ಮಾಡಿಸಿ; ಸಿಮೆಂಟ್ ಆ ಸಂದನ್ನು ಮುಚ್ಚುತ್ತದೆ ಎಂದುಕೊಳ್ಳಬೇಡಿ. ಒಳಮೈಯನ್ನು 50 ಮೈಕ್ರಾನ್ ಅಲ್ಯುಮಿನಾದಿಂದ ಸ್ಯಾಂಡ್‌ಬ್ಲಾಸ್ಟ್ ಮಾಡಿ, ಗ್ಲಾಸ್ ಅಯಾನೊಮರ್‌ನಿಂದ ಅಂಟಿಸಿ, ಪೂರ್ತಿ ಗಟ್ಟಿಯಾಗುವವರೆಗೆ ಬೆರಳಿನಿಂದ ಒತ್ತಿ ಹಿಡಿಯಿರಿ. ಒಸಡಿನಡಿ ಉಳಿದ ಸಿಮೆಂಟ್ ಚೂರು ತಿಂಗಳುಗಟ್ಟಲೆ ರಕ್ತ ಒಸರಿಸುತ್ತದೆ, ನಾವು ರೋಗಿಯ ಬ್ರಷ್ಷನ್ನು ದೂರುತ್ತಿರುತ್ತೇವೆ.

ಇಷ್ಟಾದರೂ ಅರ್ಧ ಕೆಲಸ ಮುಗಿದಂತೆ. ಸೆಟ್ ಕೋಪಿಂಗ್ ಮೇಲೆ ಹೇಗೆ ಕೂರಬೇಕು ಎಂಬುದರಲ್ಲಿ ಇಡೀ ಚಿಕಿತ್ಸೆಯ ಗೆಲುವು ಸೋಲು ಅಡಗಿದೆ. ಭಾರ ಬಿದ್ದಾಗ ಒಸಡು ಒತ್ತಿಹೋಗುವಷ್ಟು ಬೇರು ಇಳಿಯುವುದಿಲ್ಲ. ಬಾಯಿ ಸುಮ್ಮನಿರುವಾಗಲೇ ಸೆಟ್ ಕೋಪಿಂಗ್ ಮೇಲೆ ಗಟ್ಟಿಯಾಗಿ ಕೂತಿದ್ದರೆ, ಅಗಿಯುವಾಗ ಹಿಂಭಾಗದ ಒಸಡು ಕುಸಿಯುತ್ತದೆ, ಮುಂಭಾಗ ಕುಸಿಯದು. ಸೆಟ್ ಕೋಪಿಂಗನ್ನೇ ಕೀಲಾಗಿಸಿಕೊಂಡು ಅತ್ತಿತ್ತ ತೂಗುತ್ತದೆ. ಬೇರು ಮತ್ತೆ ಸಡಿಲವಾಗುತ್ತದೆ, ಇಲ್ಲವೇ ಸೆಟ್ ಒಡೆಯುತ್ತದೆ. ಆದ್ದರಿಂದ ನಿಯಮ ಇದು: ಸುಮ್ಮನಿರುವಾಗ ಗುಮ್ಮಟಕ್ಕೆ ಸೆಟ್ ತಾಗದಿರಲಿ ಅಥವಾ ಬರೀ ಸೋಕಲಿ. ಕಚ್ಚಿದಾಗ ಗುಮ್ಮಟದ ನೆತ್ತಿಗೆ ಮಾತ್ರ ಭಾರ ಬೀಳಲಿ. ಪಕ್ಕದ ಗೋಡೆಗಳಿಗೆ ಎಂದೂ ತಾಗಬಾರದು.

ಇದನ್ನು ಸಾಧಿಸುವುದು ಹೀಗೆ. ಅಂತಿಮ ಅಚ್ಚಿನ ಟ್ರೇಯಲ್ಲಿ ಕೋಪಿಂಗ್ ಇರುವ ಕಡೆ ಮೇಣದ ಅಂತರ ಬಿಟ್ಟು, ರಂಧ್ರ ಕೊರೆದು, ಗ್ರೀನ್ ಸ್ಟಿಕ್ ಎಂಬ ಬಿಸಿಗೆ ಮೆತ್ತಗಾಗುವ ಕಡ್ಡಿಯಿಂದ ಅಂಚು ರೂಪಿಸಿ ಅಚ್ಚು ತೆಗೆಯಿರಿ. ಸೆಟ್ ಬೇಯಿಸುವ ಮೊದಲು ಮಾಡೆಲ್‌ನಲ್ಲಿ ಕೋಪಿಂಗ್ ಮೇಲೂ ಸುತ್ತಲಿನ ಒಸಡಿನ ಅಂಚಿನ ಮೇಲೂ ತೆಳುವಾದ ಪ್ಲಾಸ್ಟರ್ ಅಥವಾ ಟಿನ್ ಫಾಯಿಲ್ ಪದರ ಹಚ್ಚಿಸಿ. ಹೀಗೆ ಬಿಡುವು ಇಟ್ಟ ಸೆಟ್ಟನ್ನು ರೋಗಿ ಮೊದಲು ಒಂದೆರಡು ವಾರ ಧರಿಸಲಿ. ಹುಣ್ಣುಗಳೆಲ್ಲ ಮಾಗಿ ಸೆಟ್ ಒಸಡಿನ ಮೇಲೆ ನೆಲೆಯಾದ ಮೇಲೆ, ನಾಲಿಗೆಯ ಕಡೆ ಒಂದು ಸಣ್ಣ ರಂಧ್ರ ಕೊರೆದು, ಕುಳಿಯೊಳಗೆ ಸ್ವಲ್ಪವೇ ಸೆಲ್ಫ್ ಕ್ಯೂರ್ ಅಕ್ರಿಲಿಕ್ ಹಾಕಿ, ಮೆಲ್ಲಗೆ ಕಚ್ಚಿಸಿ. ನೆತ್ತಿಯ ಸಂಪರ್ಕ ಆಗ ಸಿಗುತ್ತದೆ. ಹೆಚ್ಚಾದದ್ದು ರಂಧ್ರದಿಂದ ಹೊರಬರುತ್ತದೆ. ಇದಕ್ಕೆ ಮುಂಚೆ ರಬ್ಬರ್ ಡ್ಯಾಂ ತುಂಡಿಗೆ ತೂತು ಮಾಡಿ ಕೋಪಿಂಗ್ ಬುಡಕ್ಕೆ ತೊಡಿಸಿ, ವ್ಯಾಸಲೀನ್ ಹಚ್ಚಿ. ಅಕ್ರಿಲಿಕ್ ಅಂಡರ್‌ಕಟ್‌ಗೆ ಇಳಿದು ಗಟ್ಟಿಯಾದರೆ ಸೆಟ್ಟನ್ನು ಬಾಯಲ್ಲೇ ಕತ್ತರಿಸಿ ತೆಗೆಯಬೇಕಾಗುತ್ತದೆ. ಆಮೇಲೆ ಪ್ರೆಶರ್ ಇಂಡಿಕೇಟಿಂಗ್ ಪೇಸ್ಟ್ ಹಚ್ಚಿ ಪಕ್ಕದ ಗೋಡೆ ತಾಗುವ ಕಡೆಯೆಲ್ಲ ತಿಕ್ಕಿ ತೆಗೆಯಿರಿ.

ಒಸಡಿನ ಅಂಚಿನ ಬಿಡುವು ಕೂಡ ಹದವಾಗಿರಬೇಕು. ಬಿಡುವೇ ಇಲ್ಲದಿದ್ದರೆ ಒಸಡಿನ ಕತ್ತು ಹಿಸುಕಿದಂತಾಗಿ ಹುಣ್ಣು. ಅತಿಯಾದರೆ ಒಸಡು ಆ ಖಾಲಿಗೆ ಬೆಳೆದು ಕೋಪಿಂಗನ್ನು ಮುಚ್ಚುತ್ತದೆ. ಅರ್ಧದಿಂದ ಒಂದು ಮಿ.ಮೀ. ಸಾಕು. ಕೋರೆಬೇರಿನ ಮುಂದೆ ಮೂಳೆ ಉಬ್ಬಿರುತ್ತದಲ್ಲ, ಅಲ್ಲಿ ಸೆಟ್ಟಿನ ಅಂಚನ್ನು ಗಿಡ್ಡ ಮಾಡಿ ಅಥವಾ ತೆಳು ಮಾಡಿ. ಇಲ್ಲವಾದರೆ ತುಟಿ ಊದಿಕೊಂಡಂತೆ ಕಾಣುತ್ತದೆ, ಸೆಟ್ ಹಾಕಿ ತೆಗೆಯುವಾಗ ಪ್ರತಿಸಲ ಗೀರುತ್ತದೆ. ಎದುರಿಗೆ ಸಹಜ ಹಲ್ಲಿದ್ದರೆ ಅಕ್ರಿಲಿಕ್ ಒಳಗೆ ಎರಕದ ಲೋಹದ ಜಾಲರಿ ಕೊಡಿ. ಬರಿಯ ತಂತಿ ಹಾಕಿ ಬಲ ಬಂತು ಎಂದುಕೊಳ್ಳಬೇಡಿ.

ಉದ್ದ ಕೋಪಿಂಗ್ ಬಗ್ಗೆ ಚುಟುಕಾಗಿ. ಬೇರು ಗಟ್ಟಿಯಾಗಿದ್ದು ಎತ್ತರವೂ ಇದ್ದರೆ ಹಲ್ಲನ್ನು ಪೂರ್ತಿ ಕತ್ತರಿಸದೆ 5–8 ಮಿ.ಮೀ. ಎತ್ತರದ ಶಂಕುವಾಗಿಸಿ ಲೋಹ ತೊಡಿಸಬಹುದು. ತಿರುಳು ಜೀವಂತವಾಗಿಯೇ ಉಳಿಯುವುದೂ ಉಂಟು. ಸೆಟ್ಟಿನೊಳಗೆ ಎರಡನೆಯ ಕವಚ ಕೂರುತ್ತದೆ. ಜರ್ಮನಿಯಲ್ಲಿ ಕಾರ್ಲ್‌ಹೈಂಜ್ ಕೋರ್ಬರ್ ಬೆಳೆಸಿದ ಕೋನಸ್ ಕ್ರೌನ್ ಪದ್ಧತಿಯಲ್ಲಿ ಗೋಡೆಯ ಓರೆ ಸುಮಾರು 6 ಡಿಗ್ರಿ. ಓರೆ ಕಡಿಮೆಯಾದಷ್ಟೂ ಹಿಡಿತ ಹೆಚ್ಚು, ತೆಗೆಯುವಾಗ ಬೇರಿನ ಮೇಲಿನ ಎಳೆತವೂ ಹೆಚ್ಚು. ಅದಕ್ಕೆ ನುರಿತ ಲ್ಯಾಬ್ ಮತ್ತು ನಿಖರವಾದ ಮಿಲ್ಲಿಂಗ್ ಬೇಕು. ಒಸಡು ರೋಗದಿಂದ ಸೊರಗಿದ ಬೇರಿಗೆ ಅದು ಹೊಂದದು.

ಕೆಡುವುದು ಯಾವುದು? ಮೊದಲು ಹುಳುಕು ಮತ್ತು ಒಸಡಿನ ರೋಗ. ಬೇರು ಹಗಲೆಲ್ಲ ಸೆಟ್ಟಿನಡಿ, ಎಂಜಲು ಹರಿಯದ ಕತ್ತಲಲ್ಲಿ ಇರುತ್ತದೆ. ಅಯೋವಾ ವಿಶ್ವವಿದ್ಯಾಲಯದ ಎಟಿಂಗರ್ ಓವರ್‌ಡೆಂಚರ್ ರೋಗಿಗಳನ್ನು ದೀರ್ಘಕಾಲ ಹಿಂಬಾಲಿಸಿ ಬರೆದದ್ದರಲ್ಲೂ ಇವೆರಡೇ ಮುಖ್ಯ ಶತ್ರುಗಳು. ಹಾಗಾಗಿ ರಾತ್ರಿ ಸೆಟ್ ತೆಗೆದಿಡಲೇಬೇಕು. ಬೇರನ್ನು ಮೆತ್ತನೆಯ ಬ್ರಷ್ ಅಥವಾ ಒಂಟಿಕುಚ್ಚಿನ ಬ್ರಷ್‌ನಿಂದ ಸುತ್ತಲೂ ತಿಕ್ಕಬೇಕು. 1.1% ನ್ಯೂಟ್ರಲ್ ಸೋಡಿಯಂ ಫ್ಲೋರೈಡ್ ಜೆಲ್, ಅಂದರೆ ಹತ್ತು ಲಕ್ಷಕ್ಕೆ 5,000 ಭಾಗ ಫ್ಲೋರೈಡ್ ಇರುವುದು, ದಿನಕ್ಕೊಮ್ಮೆ ಸೆಟ್ಟಿನ ಕುಳಿಯೊಳಗೆ ಒಂದು ಹನಿ ಹಾಕಿ ಧರಿಸಬೇಕು, ತಕ್ಷಣ ಬಾಯಿ ಮುಕ್ಕಳಿಸಬಾರದು. ಎಲೆ-ಅಡಿಕೆ, ಕಡ್ಡಿಪುಡಿ ಅಭ್ಯಾಸದವರಲ್ಲಿ ಕೋಪಿಂಗ್ ಬುಡದಲ್ಲಿ ಕಪ್ಪು ಗಟ್ಟಿ ಪದರ ಕಟ್ಟುತ್ತದೆ, ತಂಬಾಕು ಒಸಡಿನ ರೋಗವನ್ನು ಉಲ್ಬಣಿಸುತ್ತದೆ. ಅಂಥವರನ್ನು ಮೂರು ತಿಂಗಳಿಗೊಮ್ಮೆ ಕರೆಯಿರಿ, ಉಳಿದವರನ್ನು ಆರು ತಿಂಗಳಿಗೊಮ್ಮೆ.

ಪ್ರತಿ ಭೇಟಿಯಲ್ಲೂ ಒಂದು ಪರೀಕ್ಷೆ ತಪ್ಪದೆ ಮಾಡಿ. ಒಂದು ಕಡೆಯ ದವಡೆಹಲ್ಲಿನ ಮೇಲೆ ಬೆರಳಿಟ್ಟು ಒತ್ತಿ. ಇನ್ನೊಂದು ಕಡೆ ಅಥವಾ ಮುಂಭಾಗ ಏಳುತ್ತದೆಯೇ ನೋಡಿ. ಎದ್ದರೆ ಹಿಂಭಾಗದ ಮೂಳೆ ಸವೆದು ಸೆಟ್ ಕೋಪಿಂಗ್ ಮೇಲೆ ತೂಗುತ್ತಿದೆ ಎಂದರ್ಥ. ಕೋಪಿಂಗ್ ಮೇಲಿನ ಅಕ್ರಿಲಿಕ್ ತಿಕ್ಕಿ ಬಿಡುವು ಮಾಡಿ, ಹಿಂಭಾಗವನ್ನು ರಿಲೈನ್ ಮಾಡಿ, ಅಂದರೆ ಒಳಮೈಗೆ ಹೊಸ ಪದರ ಕೊಡಿ. ಇದನ್ನು ಮುಂದೂಡಿದರೆ ಬೇರು ಸೀಳುತ್ತದೆ, ಸೀಳಿದ ಬೇರಿಗೆ ಮದ್ದಿಲ್ಲ.

ಸಭಿಕರ ಪ್ರಶ್ನೆಗಳು

ಎರಡು ಇಂಪ್ಲಾಂಟ್ ಹಾಕಿದರೆ ಇದೆಲ್ಲ ತಾಪತ್ರಯ ಇಲ್ಲವಲ್ಲ?

ಹಲ್ಲೇ ಇಲ್ಲದ ಕೆಳದವಡೆಗೆ ಎರಡು ಇಂಪ್ಲಾಂಟ್‌ಗಳ ಓವರ್‌ಡೆಂಚರ್ ಮೊದಲ ಆಯ್ಕೆಯಾಗಬೇಕು ಎಂದು 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರ ಒಮ್ಮತದ ಹೇಳಿಕೆ (ಮೆಕ್‌ಗಿಲ್ ಒಮ್ಮತ) ಹೇಳಿತು. ಆ ಮಾತು ಹಲ್ಲೇ ಇಲ್ಲದವರ ಕುರಿತದ್ದು. ಒಳ್ಳೆಯ ಬೇರು ಕಿತ್ತು ಇಂಪ್ಲಾಂಟ್ ಹಾಕಿ ಎಂದು ಅದು ಹೇಳಲಿಲ್ಲ. ಇಂಪ್ಲಾಂಟ್‌ಗೆ ಹುಳುಕು ಹಿಡಿಯದು, ನಿಜ. ಅದಕ್ಕೆ ಲಿಗಮೆಂಟ್ ಇಲ್ಲ, ಸುತ್ತ ಉರಿಯೂತ ಬರುತ್ತದೆ, ಖರ್ಚೂ ಹಲವು ಪಟ್ಟು. ಬೇರು ಹತ್ತು ವರ್ಷಕ್ಕೆ ಕೈಕೊಟ್ಟಿತು ಎನ್ನಿ, ಅಷ್ಟು ಕಾಲ ಅದು ಕಾಯ್ದಿಟ್ಟ ಮೂಳೆಯಲ್ಲಿ ಆಗ ಇಂಪ್ಲಾಂಟ್ ಹಾಕಬಹುದು. ಮೊದಲೇ ಕಿತ್ತರೆ ಆ ಮೂಳೆ ಎಲ್ಲಿ?

ಬಾಯಿ ಕ್ಯಾನ್ಸರ್‌ಗೆ ರೇಡಿಯೇಷನ್ ಆದವರಿಗೆ ಕೊಡಬಹುದೇ?

ರೇಡಿಯೇಷನ್ ಆದ ದವಡೆಯಲ್ಲಿ ಹಲ್ಲು ಕಿತ್ತರೆ ಮೂಳೆ ಮಾಗದೆ ಕೊಳೆಯುವ ಅಪಾಯವಿದೆ. ಅಲ್ಲಿ ಕೀಳದೆ ರೂಟ್ ಕೆನಾಲ್ ಮಾಡಿ ತಲೆ ಕತ್ತರಿಸಿ ಬೇರು ಉಳಿಸುವುದು ಎಷ್ಟೋ ಬಾರಿ ಸುರಕ್ಷಿತ ದಾರಿ. ಸೆಟ್ ಧರಿಸಬಹುದೇ, ಯಾವಾಗಿನಿಂದ ಎಂಬುದನ್ನು ಕ್ಯಾನ್ಸರ್ ತಜ್ಞರ ಜೊತೆ ಮಾತನಾಡಿಯೇ ನಿರ್ಧರಿಸಿ, ಒಸಡು ಗೀರಿದರೂ ತೊಂದರೆ. ಎಂಜಲು ಬತ್ತಿರುವುದರಿಂದ ಹುಳುಕು ಬಲುಬೇಗ. ಫ್ಲೋರೈಡ್ ಜೆಲ್ ಒಂದು ದಿನವೂ ತಪ್ಪಬಾರದು.

ವಯಸ್ಸಾದವರಲ್ಲಿ ಕಾಲುವೆ ಮುಚ್ಚಿಹೋಗಿದ್ದರೆ?

ತಿರುಳು ಕುಗ್ಗಿ ಕಾಲುವೆ ಎಕ್ಸ್-ರೇಯಲ್ಲಿ ಕಾಣದಷ್ಟು ಸಣ್ಣದಾಗಿದ್ದರೆ ಕೆಲವೊಮ್ಮೆ ರೂಟ್ ಕೆನಾಲ್ ಇಲ್ಲದೆಯೇ ಕತ್ತರಿಸಿ ಗುಮ್ಮಟ ಮಾಡಬಹುದು. ಕತ್ತರಿಸುವಾಗ ತಿರುಳು ಬಯಲಾಗಬಾರದು, ಬೇರಿನ ತುದಿಯಲ್ಲಿ ಸೋಂಕಿನ ಗುರುತಿರಬಾರದು. ಇಂಥ ಬೇರಿಗೆ ಪೋಸ್ಟ್ ಇಲ್ಲ, ಆದ್ದರಿಂದ ಕೋಪಿಂಗ್ ಹಾಕಲೇಬೇಕಿದ್ದರೆ ನೇರ ಗೋಡೆ ಕೊಂಚ ಎತ್ತರ ಬೇಕು. ವರ್ಷಕ್ಕೊಮ್ಮೆ ಎಕ್ಸ್-ರೇ ತೆಗೆಯಿರಿ.

ಚಕ್ಕುಲಿ, ಕೋಡುಬಳೆ ತಿನ್ನಬಹುದೇ ಎಂದು ಕೇಳುತ್ತಾರೆ. ಏನು ಹೇಳಬೇಕು?

ಮುರಿದು ಚೂರು ಮಾಡಿ, ಎರಡೂ ಕಡೆಯ ದವಡೆಹಲ್ಲಲ್ಲಿ ಅಗಿಯಲಿ. ಬಾಚಿಹಲ್ಲಲ್ಲಿ ಕಚ್ಚಿ ಮುರಿಯುವುದು ಬೇಡ. ಕೋರೆಗೆರೆಯ ಮುಂದೆ ಬಿದ್ದ ಆ ಬಲ ಹಿಂಭಾಗವನ್ನು ಎತ್ತುತ್ತದೆ. ಇಡೀ ಅಡಿಕೆಹೋಳು ಬೇಡವೇ ಬೇಡ.